ಗಾಯಾಳುಗಳ ಲೆಕ್ಕವುಂಟು, ಎತ್ತಿ ತಂದವರ ಲೆಕ್ಕವೆಲ್ಲಿ?

ಜಮಖಂಡಿ: ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ರಸ್ತೆಗಳಿಗೆ ರಾತ್ರಿಯೆಂಬುದೇ ಇರುವುದಿಲ್ಲ. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಕಾರ್ಖಾನೆಗಳ ದಾರಿಯಲ್ಲಿ ಸಾಲುಗಟ್ಟುತ್ತವೆ. ಹಿಂಬದಿಯಲ್ಲಿ ಕೆಂಪು ದೀಪವಾಗಲಿ, ಪ್ರತಿಫಲಕ ಪಟ್ಟಿಯಾಗಲಿ ಇಲ್ಲದ ಟ್ರಾಲಿಯೊಂದು ಕತ್ತಲಲ್ಲಿ ನಿಂತಿದ್ದರೆ, ಹಿಂದಿನಿಂದ ಬರುವ ಬೈಕ್ ಸವಾರನಿಗೆ ಅದು ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ಮುಂದಿನದು ಓದುಗರಿಗೆ ಬಾಯಿಪಾಠವಾಗಿರುವ ಸುದ್ದಿ: ಇಬ್ಬರು ಸ್ಥಳದಲ್ಲೇ ಸಾವು, ಒಬ್ಬರಿಗೆ ಗಂಭೀರ ಗಾಯ, ಠಾಣೆಯಲ್ಲಿ ಪ್ರಕರಣ ದಾಖಲು.

ಆ ಸುದ್ದಿಯಲ್ಲಿ ಎಂದೂ ಕಾಣಿಸಿಕೊಳ್ಳದ ಕೆಲವರಿದ್ದಾರೆ. 108 ಆಂಬುಲೆನ್ಸ್‌ನ ಪೈಲಟ್, ಅದರಲ್ಲಿರುವ ತುರ್ತು ವೈದ್ಯಕೀಯ ತಂತ್ರಜ್ಞ, ನುಜ್ಜುಗುಜ್ಜಾದ ವಾಹನವನ್ನು ಕತ್ತರಿಸಿ ದೇಹ ಹೊರತೆಗೆಯುವ ಅಗ್ನಿಶಾಮಕ ಸಿಬ್ಬಂದಿ, ಪಂಚನಾಮೆ ಮುಗಿಯುವವರೆಗೆ ಶವದ ಪಕ್ಕದಲ್ಲೇ ನಿಲ್ಲುವ ಪೊಲೀಸ್ ಕಾನ್‌ಸ್ಟೆಬಲ್. ಗಾಯಾಳುವನ್ನು ಆಸ್ಪತ್ರೆಗೆ ಒಪ್ಪಿಸಿದ ಮೇಲೆ ಇವರ ಕೆಲಸ ಮುಗಿಯಿತೆಂದು ದಾಖಲೆ ಹೇಳುತ್ತದೆ. ಆಂಬುಲೆನ್ಸ್‌ನ ನೆಲಕ್ಕೆ ನೀರು ಹೊಯ್ದು ರಕ್ತ ತೊಳೆಯಲಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಕರೆ ಬರುತ್ತದೆ. ಪಾಳಿ ಮುಗಿಸಿ ಮನೆಗೆ ಹೋದ ಮೇಲೆ ನಿದ್ದೆ ಬರಲಿಲ್ಲವೆಂದರೆ ಅದನ್ನು ಯಾರೂ ಕೇಳುವುದಿಲ್ಲ. ನಿದ್ದೆಗಾಗಿ ಬಾಟಲಿ ತೆರೆದಾಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಅವನು ಕುಡುಕ’.

ತುರ್ತು ಸೇವೆಯವರ ಕುಡಿತವನ್ನು ನಡತೆಯ ದೋಷವೆಂದಷ್ಟೇ ನೋಡುವ ಈ ರೂಢಿಯೇ ಅವರನ್ನು ಚಿಕಿತ್ಸೆಯಿಂದ ದೂರವಿಟ್ಟಿದೆ. ಅದರ ಬೆಲೆಯನ್ನು ಅವರಷ್ಟೇ ತೆರುವುದಿಲ್ಲ, ನಾಳೆ ಅದೇ ಆಂಬುಲೆನ್ಸ್ ಹತ್ತಬೇಕಾದವರೂ ತೆರಬೇಕಾಗುತ್ತದೆ.

ನಾಲ್ಕು ತಾಲ್ಲೂಕು, ಒಂದೇ ಹೊರೆ

ಕಳೆದ ಕೆಲವು ವರ್ಷಗಳ ಘಟನೆಗಳನ್ನು ಒಮ್ಮೆ ನೆನಪಿಸಿಕೊಂಡರೆ ಈ ಹೊರೆಯ ತೂಕ ತಿಳಿಯುತ್ತದೆ. 2018ರ ಡಿಸೆಂಬರ್‌ನಲ್ಲಿ ಮುಧೋಳ ತಾಲ್ಲೂಕಿನ ಕುಳಲಿ ಬಳಿಯ ಸಕ್ಕರೆ ಕಾರ್ಖಾನೆಯ ಆವರಣದಲ್ಲಿ ಸಂಭವಿಸಿದ ಸ್ಫೋಟದಲ್ಲಿ ನಾಲ್ವರು ಮೃತಪಟ್ಟರು. 2024ರ ಜನವರಿ ಕೊನೆಯಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರ ಬಳಿ ಶಾಲಾ ಬಸ್ ಮತ್ತು ಟ್ರ್ಯಾಕ್ಟರ್ ಡಿಕ್ಕಿಯಾಗಿ, ಶಾಲೆಯ ವಾರ್ಷಿಕೋತ್ಸವ ಮುಗಿಸಿ ರಾತ್ರಿ ಊರಿಗೆ ಮರಳುತ್ತಿದ್ದ ನಾಲ್ವರು ವಿದ್ಯಾರ್ಥಿಗಳು ಸಾವನ್ನಪ್ಪಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಬೀಳಗಿ ತಾಲ್ಲೂಕಿನ ಹೊನ್ನಿಹಾಳ ಬಳಿ ರಸ್ತೆ ಬದಿಯಲ್ಲಿ ನಿಂತಿದ್ದ ಒಂದೇ ಕುಟುಂಬದ ಐವರ ಮೇಲೆ ಟಿಪ್ಪರ್ ಉರುಳಿಬಿತ್ತು. ಐವರೂ ಬದುಕುಳಿಯಲಿಲ್ಲ.

ಇವು ರಾಜ್ಯಮಟ್ಟದ ಸುದ್ದಿಯಾದವು. ಸುದ್ದಿಯಾಗದ ಕರೆಗಳು ಇದಕ್ಕಿಂತ ಹೆಚ್ಚು: ಬಾವಿಗೆ ಬಿದ್ದವರು, ಕಾಲುವೆಯಲ್ಲಿ ಕೊಚ್ಚಿಹೋದವರು, ಸೀಮೆಎಣ್ಣೆ ಸುರಿದುಕೊಂಡವರು, ಕ್ರಿಮಿನಾಶಕ ಕುಡಿದ ರೈತರು ಮತ್ತು ನೇಕಾರರು, ದಾರಿಯಲ್ಲೇ ಹೆರಿಗೆಯಾಗಿ ಉಸಿರಾಡದ ಕೂಸುಗಳು.

ಇದರ ಜತೆಗೆ ನೆರೆ. ಜಮಖಂಡಿ ಮತ್ತು ರಬಕವಿ-ಬನಹಟ್ಟಿಗೆ ಕೃಷ್ಣೆ, ಮುಧೋಳಕ್ಕೆ ಘಟಪ್ರಭೆ, ಬೀಳಗಿಗೆ ಆಲಮಟ್ಟಿಯ ಹಿನ್ನೀರು. 2019ರ ಆಗಸ್ಟ್‌ನಲ್ಲಿ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ಸರ್ಕಾರ ನೆರೆಪೀಡಿತವೆಂದು ಘೋಷಿಸಿದಾಗ ಮುತ್ತೂರು, ಶೂರ್ಪಾಲಿ, ತಮದಡ್ಡಿ, ಅಸ್ಕಿ, ಮಿರ್ಜಿ ಮುಂತಾದ ಊರುಗಳ ಹೆಸರು ದಿನವೂ ಕೇಳಿಬರುತ್ತಿದ್ದವು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪಡೆ ಮತ್ತು ಸೇನೆಯ ದೋಣಿಗಳು ಬರುವ ಮುನ್ನವೇ ನೀರಿಗೆ ಇಳಿಯುವವರು ಸ್ಥಳೀಯ ಅಗ್ನಿಶಾಮಕ ಸಿಬ್ಬಂದಿ, ಪೊಲೀಸರು, ಊರಿನ ಅಂಬಿಗರು ಮತ್ತು ಈಜು ಬಲ್ಲ ಯುವಕರು. ನೆರೆ ಇಳಿದ ಮೇಲೆ ಕೊಳೆತ ಜಾನುವಾರುಗಳನ್ನು ಎಳೆದುಹಾಕಿದವರೂ ಅವರೇ.

ಮಹಾನಗರದ ಆಂಬುಲೆನ್ಸ್ ಸಿಬ್ಬಂದಿಗೆ ಇಲ್ಲದ ಒಂದು ಸಂಕಟ ಇಲ್ಲಿದೆ. ಬೆಂಗಳೂರಿನಲ್ಲಿ ಗಾಯಾಳು ಅಪರಿಚಿತ. ಬನಹಟ್ಟಿಯಲ್ಲೋ ಬೀಳಗಿಯಲ್ಲೋ ಮುಖದ ಮೇಲಿನ ಬಟ್ಟೆ ಸರಿಸಿದರೆ ಕಾಣುವುದು ತನ್ನ ಓಣಿಯ ಹುಡುಗನ ಮುಖವಾಗಿರಬಹುದು, ಜತೆಗೆ ಓದಿದವನ ತಂಗಿಯದಾಗಿರಬಹುದು. ಮರುದಿನ ಸಂತೆಯಲ್ಲಿ ಆ ಮನೆಯವರು ಎದುರಾಗುತ್ತಾರೆ. ‘ಇನ್ನೂ ಸ್ವಲ್ಪ ಬೇಗ ಬಂದಿದ್ದರೆ’ ಎಂಬ ಮಾತನ್ನು ಅವರು ಆಡಲಿ ಬಿಡಲಿ, ಇವನ ಕಿವಿಗೆ ಅದು ಕೇಳಿಸುತ್ತಲೇ ಇರುತ್ತದೆ.

ವೈದ್ಯಶಾಸ್ತ್ರ ಏನು ಹೇಳುತ್ತದೆ?

ಭೀಕರ ಘಟನೆಯೊಂದನ್ನು ಕಂಡವರಿಗೆ ಕೆಲವು ದಿನ ನಿದ್ದೆ ಬಾರದಿರುವುದು, ಊಟ ಸೇರದಿರುವುದು ಸಹಜ. ಬಹುಪಾಲು ಜನ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಮೀರಿದರೂ ಆ ದೃಶ್ಯ ಎಚ್ಚರದಲ್ಲೂ ಕನಸಿನಲ್ಲೂ ಮರುಕಳಿಸುವುದು, ಆ ಸ್ಥಳ ಅಥವಾ ಆ ವಾಸನೆಯಿಂದ ದೂರ ಸರಿಯುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಹೆಂಡತಿ ಮಕ್ಕಳ ಮೇಲೆ ವಿನಾಕಾರಣ ಸಿಡುಕುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಇವೆಲ್ಲ ಒಟ್ಟಾಗಿ ಕಾಣಿಸಿಕೊಂಡು ಬದುಕಿಗೆ ಅಡ್ಡಿಯಾದರೆ ಅದನ್ನು ವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ಪಿಟಿಎಸ್‌ಡಿ ಎಂಬ ಹೆಸರಿನಿಂದ ಇದು ಹೆಚ್ಚು ಪರಿಚಿತ.

ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಈ ಕಾಯಿಲೆಯನ್ನು ತನ್ನ ಕೈಪಿಡಿಗೆ ಸೇರಿಸಿತು. ಆಗ ಎಲ್ಲರ ಕಣ್ಣಮುಂದಿದ್ದವರು ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು. 2013ರಲ್ಲಿ ಪ್ರಕಟವಾದ ಅದೇ ಕೈಪಿಡಿಯ ಐದನೇ ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತನ್ನ ಜೀವಕ್ಕೆ ಅಪಾಯ ಬರದಿದ್ದರೂ, ವೃತ್ತಿಯ ಕಾರಣದಿಂದ ಮತ್ತೆ ಮತ್ತೆ ಇಂತಹ ದೃಶ್ಯಗಳಿಗೆ ಎದುರಾಗುವುದೇ ಕಾಯಿಲೆಗೆ ಕಾರಣವಾಗಬಲ್ಲದು ಎಂದು ಅದು ಸ್ಪಷ್ಟಪಡಿಸಿತು. ಅಲ್ಲಿ ಕೊಟ್ಟಿರುವ ಉದಾಹರಣೆ, ಮಾನವ ದೇಹದ ಅವಶೇಷಗಳನ್ನು ಸಂಗ್ರಹಿಸುವ ತುರ್ತು ಸೇವಾ ಸಿಬ್ಬಂದಿಯದು. ‘ನಿನಗೇನಾಗಿದೆ, ಸತ್ತವರು ಬೇರೆಯವರಲ್ಲವೇ’ ಎಂದು ಕೇಳುವವರಿಗೆ ವೈದ್ಯಶಾಸ್ತ್ರ ಕೊಟ್ಟ ಉತ್ತರವಿದು.

ವಿವಿಧ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ರಕ್ಷಣಾ ಕಾರ್ಯದಲ್ಲಿ ತೊಡಗಿದವರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಈ ಕಾಯಿಲೆಯಿತ್ತು. ಆಂಬುಲೆನ್ಸ್ ಸಿಬ್ಬಂದಿಯ ಬಗೆಗೇ 2018ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆ ಶೇ 11 ಎಂದಿತು. ಅಂದರೆ ಹತ್ತು ಜನರಲ್ಲಿ ಒಬ್ಬರು. ಉಳಿದ ಒಂಬತ್ತು ಮಂದಿ ಗಟ್ಟಿ ಮನಸ್ಸಿನವರು, ಈತನೊಬ್ಬ ದುರ್ಬಲ ಎಂದು ತೀರ್ಮಾನಿಸುವಂತಿಲ್ಲ. ಕಂಡ ಘಟನೆಗಳ ಸಂಖ್ಯೆ, ಪಾಳಿಗಳ ನಡುವಿನ ಬಿಡುವು, ಮೇಲಧಿಕಾರಿ ನಡೆಸಿಕೊಳ್ಳುವ ರೀತಿ, ಮನೆಯವರ ಆಸರೆ ಇವೆಲ್ಲವೂ ಯಾರು ಕುಸಿಯುತ್ತಾರೆ, ಯಾರು ನಿಲ್ಲುತ್ತಾರೆ ಎಂಬುದನ್ನು ನಿರ್ಧರಿಸುತ್ತವೆ.

ಬಾಟಲಿಯೇ ಏಕೆ?

ಕಾರಣ ಸರಳ. ಅದು ಸುಲಭವಾಗಿ ಸಿಗುತ್ತದೆ, ಬೇಗ ಕೆಲಸ ಮಾಡುತ್ತದೆ. ರಾಜ್ಯದಲ್ಲಿ 2007ರ ಜುಲೈನಿಂದ ಸಾರಾಯಿ ನಿಷೇಧವಾಗಿದೆಯಾದರೂ ಪರವಾನಗಿ ಪಡೆದ ಮದ್ಯದಂಗಡಿಗಳಿಗೆ ಕೊರತೆಯಿಲ್ಲ. ಎರಡು ಪೆಗ್ ಹಾಕಿದವನಿಗೆ ನಿದ್ದೆ ಬೇಗ ಬರುವುದು ನಿಜ. ಆದರೆ ರಾತ್ರಿಯ ಎರಡನೇ ಭಾಗದಲ್ಲಿ ಮದ್ಯದ ಪ್ರಭಾವ ಇಳಿಯುತ್ತಿದ್ದಂತೆ ನಿದ್ದೆ ಒಡೆಯುತ್ತದೆ, ಕನಸುಗಳು ಇನ್ನಷ್ಟು ತೀವ್ರವಾಗಿ ಮರಳುತ್ತವೆ. ಹೀಗಾಗಿ ಮರುದಿನ ಎರಡು ಪೆಗ್ ಸಾಲುವುದಿಲ್ಲ. ಕುಡಿಯಲು ಕಾರಣವಾದ ಕಾಯಿಲೆಯನ್ನು ಕುಡಿತವೇ ಉಲ್ಬಣಿಸುವ ಈ ಚಕ್ರಕ್ಕೆ ಸಿಕ್ಕಿದವನು ಬರೀ ಮನೋಬಲದಿಂದ ಹೊರಬರುವುದು ಕಷ್ಟ.

ಮದ್ಯವೊಂದೇ ಅಲ್ಲ. ರಾತ್ರಿ ಪಾಳಿಯಲ್ಲಿ ಎಚ್ಚರವಿರಲು ಗುಟ್ಕಾ ಮತ್ತು ತಂಬಾಕು, ಹಗಲು ನಿದ್ದೆಗೆ ಮಾತ್ರೆ ಎಂಬ ಹಾದಿಯೂ ಇದೆ. ಆಲ್‌ಪ್ರಜೋಲಾಮ್, ಡಯಾಜೆಪಾಮ್, ಟ್ರಮಡಾಲ್‌ನಂತಹ ಔಷಧಗಳನ್ನು ಕೇಂದ್ರ ಸರ್ಕಾರ ‘ಎಚ್1’ ಪಟ್ಟಿಗೆ ಸೇರಿಸಿದ್ದು, ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ. ಅಂಗಡಿಯವನು ಮಾರಾಟದ ವಿವರವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಆಸ್ಪತ್ರೆಯ ಒಡನಾಟವಿರುವವರಿಗೆ ಇಂತಹ ಮಾತ್ರೆಯ ಹೆಸರು, ಪ್ರಮಾಣ ಎರಡೂ ಗೊತ್ತಿರುತ್ತವೆ. ಮದ್ಯದೊಂದಿಗೆ ನಿದ್ದೆ ಮಾತ್ರೆ ಸೇರಿದರೆ ಉಸಿರಾಟವೇ ಕುಗ್ಗಿ ಪ್ರಾಣಕ್ಕೆ ಎರವಾಗಬಹುದು.

ವ್ಯಸನಕ್ಕೆ ಚಿಕಿತ್ಸೆ ಪಡೆಯುವವರು ದೇಶದಲ್ಲಿ ಎಷ್ಟು ಮಂದಿ? 2019ರಲ್ಲಿ ಪ್ರಕಟವಾದ ದೆಹಲಿಯ ಏಮ್ಸ್ ನೇತೃತ್ವದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ನೆರವು ದೊರೆತಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯವ್ಯಸನಿಗಳಲ್ಲಿ ಶೇ 86ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಿಂದ ವಂಚಿತರಾಗಿದ್ದಾರೆಂದು ಕಂಡುಕೊಂಡಿತ್ತು. ಜನಸಾಮಾನ್ಯರ ಪಾಡೇ ಹೀಗಿರುವಾಗ, ‘ಧೈರ್ಯವಂತ’ ಎಂಬ ಪಟ್ಟ ಹೊತ್ತವನು ತಾನಾಗಿ ವೈದ್ಯರ ಬಾಗಿಲು ತಟ್ಟುವುದು ಇನ್ನೂ ದೂರದ ಮಾತು.

ಝುಂಜರವಾಡ ಮತ್ತು ಲಚ್ಯಾಣ

ನೆರೆಯ ಜಿಲ್ಲೆಗಳ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ವೃತ್ತಿಯ ಒಳಗುದಿ ಅರ್ಥವಾಗುತ್ತದೆ. 2017ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ ಕೊಳವೆಬಾವಿಗೆ ಬಿದ್ದಳು. ಎರಡು ದಿನಕ್ಕೂ ಹೆಚ್ಚು ಕಾಲ ಕಲ್ಲುನೆಲವನ್ನು ಅಗೆದರೂ ದೊರೆತದ್ದು ಶವ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗು ಅದೇ ರೀತಿ ಬಿದ್ದಿತು. ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಮಗು ಜೀವಂತವಾಗಿ ಹೊರಬಂದಾಗ ನೆರೆದ ಜನಸ್ತೋಮ ಹರ್ಷೋದ್ಗಾರ ಮಾಡಿತು. ರಕ್ಷಣಾ ಸಿಬ್ಬಂದಿಗೆ ನಾಡೆಲ್ಲ ಅಭಿನಂದನೆ ಸಲ್ಲಿಸಿತು.

ಎರಡೂ ಕಡೆ ಅಗೆದ ಕೈಗಳ ಶ್ರಮದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಒಂದು ಗುಂಪು ಹೂಮಾಲೆ ಹಾಕಿಸಿಕೊಂಡು ಮನೆಗೆ ಹೋಯಿತು, ಇನ್ನೊಂದು ತಲೆ ತಗ್ಗಿಸಿಕೊಂಡು. ಮಗು ಬದುಕಿದಾಗ ಸನ್ಮಾನ ಮಾಡುವ ಸಮಾಜ, ಬದುಕದಿದ್ದಾಗ ‘ನಿಮ್ಮಿಂದಾದದ್ದನ್ನು ನೀವು ಮಾಡಿದಿರಿ’ ಎಂದು ಹೇಳುವುದನ್ನು ಇನ್ನೂ ಕಲಿತಿಲ್ಲ. ಮನಸ್ಸಿನಲ್ಲಿ ಉಳಿಯುವುದು ಹೆಚ್ಚಾಗಿ ಸೋತ ದಿನಗಳೇ.

ಅಗ್ನಿಶಾಮಕ ಇಲಾಖೆ ದೇಶದಾದ್ಯಂತ ಏಪ್ರಿಲ್ 14ರಂದು ಹುತಾತ್ಮರನ್ನು ಸ್ಮರಿಸುತ್ತದೆ. 1944ರ ಅದೇ ದಿನ ಮುಂಬೈ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಹಡಗು ಸ್ಫೋಟಿಸಿ ಅನೇಕ ಅಗ್ನಿಶಾಮಕರು ಬಲಿಯಾದರು. ಆ ಸ್ಮರಣೆ ಅಗತ್ಯ. ಬೆಂಕಿಯಿಂದ ಜೀವಂತ ಹೊರಬಂದು, ಹಲವು ವರ್ಷಗಳ ನಂತರ ಕುಡಿತದಿಂದ ಯಕೃತ್ತು ಕೆಟ್ಟು ಸಾಯುವವನಿಗೆ ಮಾತ್ರ ಯಾವ ಫಲಕದಲ್ಲೂ ಜಾಗವಿಲ್ಲ.

ಬಾಯಿ ಬಿಡದಿರಲು ಕಾರಣಗಳು

ತುರ್ತು ಸೇವೆಯವರು ತಮ್ಮ ಸಂಕಟವನ್ನು ಹೇಳಿಕೊಳ್ಳದಿರಲು ಪುರುಷಾಭಿಮಾನವೊಂದೇ ಕಾರಣವಲ್ಲ. ಹೊಟ್ಟೆಪಾಡಿನ ಭಯ ಅದಕ್ಕಿಂತ ದೊಡ್ಡದು.

ರಾಜ್ಯದಲ್ಲಿ 108 ‘ಆರೋಗ್ಯ ಕವಚ’ ಸೇವೆ ಆರಂಭವಾದದ್ದು 2008ರ ನವೆಂಬರ್‌ನಲ್ಲಿ, ಖಾಸಗಿ ಸಂಸ್ಥೆಯ ಸಹಭಾಗಿತ್ವದಲ್ಲಿ. ಪೈಲಟ್ ಮತ್ತು ತಂತ್ರಜ್ಞರಿಗೆ ಸರ್ಕಾರಿ ನೌಕರಿಯ ಭದ್ರತೆ ದೊರೆಯಲಿಲ್ಲ. 12 ಗಂಟೆಗಳ ಪಾಳಿ, ಬಾಕಿ ಉಳಿದ ವೇತನ, ಮುಷ್ಕರದ ಎಚ್ಚರಿಕೆ, ಮಾತುಕತೆ, ಮತ್ತೆ ಬಾಕಿ ಎಂಬ ಸುದ್ದಿಚಕ್ರವನ್ನು ಓದುಗರು ಹಲವು ಬಾರಿ ಕಂಡಿದ್ದಾರೆ. ತಿಂಗಳ ಸಂಬಳವೇ ಖಾತ್ರಿಯಿಲ್ಲದವನು ‘ನನಗೆ ನಿದ್ದೆ ಬರುತ್ತಿಲ್ಲ, ಕುಡಿತ ಹೆಚ್ಚಾಗಿದೆ’ ಎಂದು ಹೇಳಿಕೊಂಡು ಕೆಲಸ ಕಳೆದುಕೊಳ್ಳುವ ಧೈರ್ಯ ಮಾಡುವನೇ?

ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಗೆ ನೌಕರಿಯ ಭದ್ರತೆಯಿದೆ. ಅವರ ಭಯ ಬೇರೆ. ವಿಷಯ ಬಯಲಾದರೆ ಅಮಾನತು, ಇಲಾಖಾ ವಿಚಾರಣೆ, ಬಡ್ತಿಗೆ ಕುತ್ತು. ಹೀಗಾಗಿ ಸಹೋದ್ಯೋಗಿಗಳು ಮುಚ್ಚಿಡುತ್ತಾರೆ. ಮುಚ್ಚಿಟ್ಟ ದಿನದಿಂದ ಬಯಲಾಗುವ ದಿನದವರೆಗಿನ ಅವಧಿಯಲ್ಲಿಯೇ ಕಾಯಿಲೆ ಬೆಳೆಯುತ್ತದೆ.

ಮೂರನೆಯ ವರ್ಗ ಊರಿನ ಅಂಬಿಗರದು, ಈಜುಗಾರರದು, ಶವ ಸಾಗಿಸುವ ಖಾಸಗಿ ವಾಹನ ಚಾಲಕರದು. ಇವರು ಯಾವ ಇಲಾಖೆಗೂ ಸೇರಿದವರಲ್ಲ. ನದಿಯಿಂದ ಶವ ತೆಗೆಯಬೇಕಾದಾಗ ಇವರನ್ನು ಕರೆಯುತ್ತಾರೆ. ಕೊಳೆತ ದೇಹದ ವಾಸನೆ ತಡೆಯಲು ಮೊದಲೇ ಒಂದಿಷ್ಟು ಕುಡಿಸುವ ರೂಢಿಯೂ ಹಲವೆಡೆ ಇದೆ. ಹೀಗೆ ಆರಂಭವಾದದ್ದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕುಡಿಸಿದವರು ಮರುದಿನ ವಿಚಾರಿಸುವುದಿಲ್ಲ.

ರೋಗಿಯ ಸುರಕ್ಷತೆಯ ಪ್ರಶ್ನೆ

ಇಲ್ಲಿ ಇನ್ನೊಂದು ಮಗ್ಗುಲನ್ನೂ ಮರೆಮಾಚುವಂತಿಲ್ಲ. ಹೃದಯಾಘಾತವಾದ ತಂದೆಯನ್ನು ಹೊತ್ತೊಯ್ಯುವ ಆಂಬುಲೆನ್ಸ್‌ನ ಚಾಲಕ ಅಮಲಿನಲ್ಲಿದ್ದರೆ ಆತನ ನೋವಿನ ಹಿನ್ನೆಲೆ ಕೇಳುವ ತಾಳ್ಮೆ ಯಾರಿಗಿರುತ್ತದೆ? ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ಮೋಟಾರು ವಾಹನ ಕಾಯ್ದೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧವೆನ್ನುತ್ತದೆ. ಆಂಬುಲೆನ್ಸ್ ಚಾಲಕನಿಗೂ ಅದರಿಂದ ವಿನಾಯಿತಿಯಿಲ್ಲ. ಕರ್ತವ್ಯದಲ್ಲಿ ಮದ್ಯ ಸಲ್ಲದು ಎಂಬ ನಿಯಮ ಸಡಿಲವಾಗಕೂಡದು.

ಆದರೆ ಶಿಕ್ಷೆಯ ನಿಯಮವೊಂದೇ ಇದ್ದು ಚಿಕಿತ್ಸೆಯ ಬಾಗಿಲು ಇಲ್ಲದಿದ್ದರೆ, ಅದು ರೋಗಿಯನ್ನೂ ಕಾಪಾಡುವುದಿಲ್ಲ. ಸಿಕ್ಕಿಬಿದ್ದವನು ಮನೆಗೆ ಹೋಗುತ್ತಾನೆ, ಸಿಕ್ಕಿಬೀಳದವರು ಇನ್ನಷ್ಟು ಜಾಣತನದಿಂದ ಬಚ್ಚಿಡುತ್ತಾರೆ. ತಾನಾಗಿ ಮುಂದೆ ಬಂದು ಚಿಕಿತ್ಸೆ ಕೇಳಿದವನಿಗೆ ರಕ್ಷಣೆ, ಅಮಲಿನಲ್ಲಿ ಸ್ಟೀರಿಂಗ್ ಹಿಡಿದವನಿಗೆ ಕಠಿಣ ಕ್ರಮ. ಎರಡೂ ಜತೆಯಾಗಿ ಜಾರಿಯಲ್ಲಿದ್ದಾಗ ಮಾತ್ರ ಮೊದಲನೆಯದನ್ನು ಆರಿಸಿಕೊಳ್ಳುವವರ ಸಂಖ್ಯೆ ಹೆಚ್ಚುತ್ತದೆ.

ಕಾನೂನು ಇದೆ, ದಾರಿ ಸವೆದಿಲ್ಲ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಸರ್ಕಾರಿ ವೆಚ್ಚದ ಚಿಕಿತ್ಸೆ ಪ್ರತಿಯೊಬ್ಬರ ಹಕ್ಕು, ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಎಂದೂ ಅದು ಹೇಳುತ್ತದೆ. ಹಾಗಾಗಿ ವೈದ್ಯರ ಮುಂದೆ ಕುಳಿತ ಪೈಲಟ್ ಅಥವಾ ಕಾನ್‌ಸ್ಟೆಬಲ್ ಕಾನೂನಿನ ದೃಷ್ಟಿಯಲ್ಲಿ ಉಳಿದ ರೋಗಿಗಳಂತೆಯೇ ಒಬ್ಬ ರೋಗಿ.

ಮಾನಸಿಕ ಚಿಕಿತ್ಸೆಯನ್ನು ತಾಲ್ಲೂಕಿಗೆ ಒಯ್ಯುವ ಕಲ್ಪನೆ ಕರ್ನಾಟಕಕ್ಕೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ತೆರಳುವ ಯೋಜನೆ ರೂಪಿಸಿತು. 2022ರ ಅಕ್ಟೋಬರ್ 10ರಂದು ಚಾಲನೆ ಪಡೆದ ‘ಟೆಲಿ ಮಾನಸ್’ ಸಹಾಯವಾಣಿಯಲ್ಲಿ 14416 ಸಂಖ್ಯೆಗೆ ಕರೆ ಮಾಡಿ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಆದರೆ ಜಮಖಂಡಿಯಿಂದ ಅದು ನೂರು ಕಿ.ಮೀ.ಗೂ ಹೆಚ್ಚು ದೂರ.

ತೊಡಕಿರುವುದು ಬಳಕೆಯಲ್ಲಿ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲಬೇಕಾದ ಆಂಬುಲೆನ್ಸ್ ತಂತ್ರಜ್ಞ ಅದೇ ಆಸ್ಪತ್ರೆಗೆ ದಿನವೂ ಗಾಯಾಳುಗಳನ್ನು ತರುವವನು. ಕಾವಲುಗಾರನಿಂದ ನರ್ಸ್‌ವರೆಗೆ ಎಲ್ಲರೂ ಪರಿಚಿತರು. ಮನೋವೈದ್ಯರ ಕೋಣೆಯ ಮುಂದೆ ಕುಳಿತರೆ ಸಂಜೆಯೊಳಗೆ ಊರಿಗೆ ಸುದ್ದಿ. ಕಾಯ್ದೆ ಕೊಟ್ಟ ಗೋಪ್ಯತೆ ಸಣ್ಣ ಊರಿನ ಮೊಗಸಾಲೆಯಲ್ಲಿ ಉಳಿಯಬೇಕಾದರೆ ಬೇರೆ ವೇಳೆ, ಬೇರೆ ಬಾಗಿಲು ಬೇಕಾಗುತ್ತದೆ.

ಪರಿಹಾರದ ವಿಷಯದಲ್ಲಿಯೂ ಕೊರತೆಯಿದೆ. ವೃತ್ತಿಯಿಂದ ಬರುವ ಕಾಯಿಲೆಗಳ ಶಾಸನಬದ್ಧ ಪಟ್ಟಿಯಲ್ಲಿ ಸೀಸ, ಪಾದರಸ, ಸಿಲಿಕಾ ಧೂಳಿನಿಂದ ಬರುವ ಕಾಯಿಲೆಗಳಿವೆ, ಮಾನಸಿಕ ಆಘಾತವಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯ 2016ರಲ್ಲಿ ಮಾಡಿದ ಕಾನೂನಿನಂತೆ ತುರ್ತು ಸೇವಾ ಸಿಬ್ಬಂದಿಗೆ ಪಿಟಿಎಸ್‌ಡಿ ಬಂದರೆ ಅದು ಕೆಲಸದಿಂದಲೇ ಬಂದದ್ದೆಂದು ಭಾವಿಸಲಾಗುತ್ತದೆ. ಸಾಬೀತುಪಡಿಸುವ ಹೊಣೆ ನೌಕರನ ಮೇಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ನ್ಯೂಯಾರ್ಕ್‌ನ 343 ಅಗ್ನಿಶಾಮಕರು ಮೃತಪಟ್ಟರು. ಬದುಕುಳಿದ ರಕ್ಷಣಾ ಸಿಬ್ಬಂದಿಗಾಗಿ ಅಮೆರಿಕ ರೂಪಿಸಿದ ಆರೋಗ್ಯ ಕಾರ್ಯಕ್ರಮ ಶ್ವಾಸಕೋಶದ ಕಾಯಿಲೆಯ ಜತೆಗೆ ಪಿಟಿಎಸ್‌ಡಿ ಹಾಗೂ ಮಾದಕ ವ್ಯಸನಕ್ಕೂ ಚಿಕಿತ್ಸೆ ಕೊಡುತ್ತದೆ. ಆಘಾತ ಮತ್ತು ವ್ಯಸನ ಒಂದೇ ಗಾಯದ ಎರಡು ಮುಖಗಳೆಂದು ಒಪ್ಪಿಕೊಂಡ ವ್ಯವಸ್ಥೆಯಿದು.

ಜೋಳಿಗೆಯ ಪಾಠ

ವ್ಯಸನಮುಕ್ತಿಯ ವಿಷಯದಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯವರಿಂದ ಕಲಿಯುವುದಕ್ಕಿಂತ ಕಲಿಸುವುದೇ ಹೆಚ್ಚು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟದ್ದು ಕಾಳು ಕಡಿಗಾಗಿ ಅಲ್ಲ, ಜನರ ದುಶ್ಚಟಗಳ ಭಿಕ್ಷೆಗಾಗಿ. ‘ಮಹಾಂತ ಜೋಳಿಗೆ’ ಎಂದೇ ಹೆಸರಾದ ಈ ಕಾಯಕವನ್ನು ಅವರು 2018ರಲ್ಲಿ ಲಿಂಗೈಕ್ಯರಾಗುವವರೆಗೂ ಬಿಡಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಜೋಳಿಗೆಯ ಬಲವಿದ್ದುದು ಅದು ಯಾರನ್ನೂ ಹೀಯಾಳಿಸದಿದ್ದುದರಲ್ಲಿ. ಭಿಕ್ಷೆ ಬೇಡುವವನು ಕೊಡುವವನಿಗಿಂತ ಕೆಳಗೆ ನಿಲ್ಲುತ್ತಾನೆ. ಕುಡುಕನೆಂದು ಊರೆಲ್ಲ ದೂರವಿಟ್ಟವನ ಮುಂದೆ ಸ್ವಾಮಿಗಳೇ ಕೈಯೊಡ್ಡಿದಾಗ ಆತನಿಗೆ ಕಳೆದುಹೋದ ಮರ್ಯಾದೆ ಮರಳುತ್ತಿತ್ತು. ಸಮಾಲೋಚನೆ ಎಂದು ಇಂದು ಕರೆಯುವುದರ ತಿರುಳೂ ಇದೇ.

ಇದರೊಂದಿಗೆ ವೈದ್ಯರ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಶಪಥ ಮಾಡಿ ಒಮ್ಮೆಗೇ ನಿಲ್ಲಿಸಿದರೆ ಮೊದಲ ಒಂದೆರಡು ದಿನಗಳಲ್ಲಿ ಕೈನಡುಕ, ಫಿಟ್ಸ್, ಅನಂತರ ಭ್ರಮೆ ಹಾಗೂ ತೀವ್ರ ಗೊಂದಲ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ಶಪಥದ ಜತೆ ಆಸ್ಪತ್ರೆಯೂ ಬೇಕು. ಇನ್ನು ಆಘಾತಕ್ಕೆ ಚಿಕಿತ್ಸೆ ಕೊಡದೆ ಬಾಟಲಿಯನ್ನಷ್ಟೇ ಕಿತ್ತುಕೊಂಡರೆ ನಿದ್ದೆಗೆಟ್ಟ ರಾತ್ರಿಗಳು ಹಾಗೆಯೇ ಉಳಿಯುತ್ತವೆ. ಮರಳಿ ಕುಡಿಯಲು ಅಷ್ಟು ಸಾಕು. ಮೊದಲು ಕುಡಿತ ಬಿಡಲಿ, ಆಮೇಲೆ ಮನಸ್ಸಿನ ಮಾತು ಎಂಬ ಹಳೆಯ ಪದ್ಧತಿಗಿಂತ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ನೀಡುವತ್ತ ವೈದ್ಯರು ಇಂದು ಒಲವು ತೋರುತ್ತಿದ್ದಾರೆ.

ಆಗಬೇಕಾದದ್ದೇನು?

ದೊಡ್ಡ ಅವಘಡದ ಮರುದಿನ ಎಲ್ಲರನ್ನೂ ಒಂದೆಡೆ ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುವ ಪದ್ಧತಿ 1980ರ ದಶಕದಲ್ಲಿ ಪಶ್ಚಿಮದ ದೇಶಗಳಲ್ಲಿ ಜನಪ್ರಿಯವಾಗಿತ್ತು. ಅಂತಹ ಒಂದೇ ಸಭೆಯಿಂದ ಪಿಟಿಎಸ್‌ಡಿ ತಡೆಯಲಾಗದು, ಕೆಲವರಿಗೆ ಹಾನಿಯೂ ಆಗಬಹುದು ಎಂದು 2002ರ ಕಾಕ್ರೇನ್ ಪರಾಮರ್ಶೆ ತಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಮಾರ್ಗದರ್ಶಿ ಒತ್ತಾಯದಿಂದ ಹೇಳಿಸುವುದನ್ನು ಬಿಟ್ಟು, ಗಮನಿಸಿ ನೋಡುವುದು, ತಾಳ್ಮೆಯಿಂದ ಕೇಳುವುದು, ಬೇಕಾದ ನೆರವಿಗೆ ಜೋಡಿಸುವುದು ಎಂಬ ಮೂರು ಹೆಜ್ಜೆಗಳನ್ನು ಸೂಚಿಸಿದೆ.

ಈ ಮೂರಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಆಲಗೂರ ಅಥವಾ ಹೊನ್ನಿಹಾಳದಂತಹ ಘಟನೆ ನಡೆದಾಗ ಅಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರ ಪಟ್ಟಿ ಮಾಡಿ, ಒಂದು ವಾರದ ನಂತರ ಹಾಗೂ ಒಂದು ತಿಂಗಳ ನಂತರ ಜಿಲ್ಲಾ ಮಾನಸಿಕ ಆರೋಗ್ಯ ತಂಡ ಅವರನ್ನು ವಿಚಾರಿಸಬಹುದು. ಪಟ್ಟಿಯಲ್ಲಿ ಅಂಬಿಗನ ಹೆಸರೂ ಇರಬೇಕು. ಶವ ಹೊತ್ತ ಪಾಳಿಯ ಬೆನ್ನಿಗೇ ಇನ್ನೊಂದು ಪಾಳಿ ಹಾಕದಿರಲು ಮೇಲ್ವಿಚಾರಕರಿಗೆ ಸೂಚನೆ ಕೊಡಬಹುದು. ಮಂಗಳವಾರದ ಮನೋವೈದ್ಯರು ತಿಂಗಳಿಗೊಮ್ಮೆ ಸಂಜೆಯ ಹೊತ್ತು, ಆಸ್ಪತ್ರೆಯ ಹೊರಗೆ, ಈ ಸಿಬ್ಬಂದಿಗೆಂದೇ ಸಮಯ ಮೀಸಲಿಡಬಹುದು. ಜಮಖಂಡಿಯವನು ಮುಧೋಳದಲ್ಲಿ, ಮುಧೋಳದವನು ಬೀಳಗಿಯಲ್ಲಿ ಚಿಕಿತ್ಸೆ ಪಡೆಯಲು ಅವಕಾಶವಿದ್ದರೆ ಊರಿನ ಕಣ್ಣಿಗೆ ಬೀಳುವ ಅಂಜಿಕೆಯೂ ತಗ್ಗುತ್ತದೆ. ತಾನಾಗಿ ಚಿಕಿತ್ಸೆ ಕೇಳಿದ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬಾರದೆಂಬ ಷರತ್ತನ್ನು ಗುತ್ತಿಗೆಯ ಕರಾರಿನಲ್ಲೇ ಬರೆಯಬಹುದು.

ನಾಗರಿಕರ ಪಾಲೂ ಇದೆ. ಆಂಬುಲೆನ್ಸ್ ತಡವಾಯಿತೆಂದು ಚಾಲಕನ ಕೊರಳಪಟ್ಟಿ ಹಿಡಿಯುವ ಮುನ್ನ, ಅಪಘಾತ ಸ್ಥಳದಲ್ಲಿ ಮೊಬೈಲ್ ಎತ್ತಿ ಚಿತ್ರೀಕರಿಸುವ ಮುನ್ನ, ದಾರಿ ಬಿಡದೆ ಗುಂಪುಗೂಡುವ ಮುನ್ನ ಒಂದು ಕ್ಷಣ ಯೋಚಿಸುವುದು ಯಾರಿಂದಲೂ ಆಗುವ ಕೆಲಸ.

ಈ ವರ್ಷದ ಹಂಗಾಮಿನಲ್ಲೂ ಟ್ರಾಲಿಗಳು ರಸ್ತೆಗಿಳಿಯುತ್ತವೆ, ಕೃಷ್ಣೆ ಘಟಪ್ರಭೆಗಳು ಮುಂಗಾರಿನಲ್ಲಿ ಉಕ್ಕುತ್ತವೆ. ಕರೆ ಹೋದ ಕೂಡಲೇ ಯಾರಾದರೊಬ್ಬರು ಬಂದೇ ಬರುತ್ತಾರೆಂಬ ನಂಬಿಕೆಯ ಮೇಲೆ ನಾಲ್ಕು ತಾಲ್ಲೂಕುಗಳ ಜನ ನಿಶ್ಚಿಂತೆಯಿಂದ ಮಲಗುತ್ತಾರೆ. ಹಾಗೆ ಬರುವವನು ಹಿಂದಿನ ರಾತ್ರಿ ಮಲಗಿದ್ದನೇ ಎಂದು ಕೇಳುವ ಹೊಣೆ ಆತನನ್ನು ನೇಮಿಸಿದವರದು. ಮುಂದಿನ ಅವಘಡದ ವರದಿಯಲ್ಲಿ ಮೃತರು ಮತ್ತು ಗಾಯಾಳುಗಳ ಸಂಖ್ಯೆಯ ಕೆಳಗೆ ಇನ್ನೊಂದು ಸಾಲು ಸೇರಲಿ: ರಕ್ಷಣೆಗೆ ಹೋದವರು ಎಷ್ಟು ಮಂದಿ, ಅವರನ್ನು ಯಾರು ವಿಚಾರಿಸಿಕೊಂಡರು.